ದೇವರಿಗಿ ಕೇಳಿ ಹೇಳ್ತೇನಿ

ಉಪದೇಶಿ ದೇವದಾನಪ್ಪನ ಮನೆಯಲ್ಲಿ ದೇವರನ್ನು ಕೇಳದೆ ಒಂದು ಕಡ್ಡಿಯೂ ಅಲುಗುತ್ತಿರಲಿಲ್ಲ. ಸೋರುವ ಮಾಳಿಗೆಗೆ ಈ ವರ್ಷ ಮಣ್ಣು ಹಾಕಿಸುವುದೋ ಮುಂದಿನ ವರ್ಷವೋ, ಕರಿ ಆಡನ್ನು ಮಾರುವುದೋ ಬಿಳಿಯದನ್ನೋ, ಔರಾದ ಕಡೆಯ ಹಳ್ಳಿಗಳಿಗೆ ಸುವಾರ್ತೆ ಸಾರಲು ಸೋಮವಾರ ಹೊರಡುವುದೋ ಗುರುವಾರವೋ, ಎಲ್ಲಕ್ಕೂ ಅವನು ಪಡಸಾಲೆಯ ಮಂಚದ ಮೇಲೆ ಶಾಲು ಮುಸುಕು ಹಾಕಿಕೊಂಡು ಕೂತುಬಿಡುತ್ತಿದ್ದ. ಮುಸುಕಿನೊಳಗಿಂದ ಒಮ್ಮೊಮ್ಮೆ ನಿಟ್ಟುಸಿರು ಬರುತ್ತಿತ್ತು, ಒಮ್ಮೊಮ್ಮೆ ಗೊರಕೆ. ಮುಸುಕು ತೆಗೆದ ಮೇಲೆ ಬರುವ ಉತ್ತರ ಮಾತ್ರ ಯಾವಾಗಲೂ ಅವನಿಗೆ ಅನುಕೂಲವಾದದ್ದೇ. ಬಿಸಿಲು ಕಾದ ದಿನ ದೇವರು ಅವನನ್ನು ಔರಾದಿಗೆ ಅಟ್ಟಿದ್ದು ಹೆಂಡತಿ ತಬಿತಮ್ಮನಿಗೆ ನೆನಪಿಲ್ಲ.

"ನಿನ್ನ ಗಂಡ ಒಂದ್ ಕೆಲಸ ಮಾತ್ರ ದೇವರಿಗಿ ಕೇಳದಂಗ ಮಾಡ್ತಾನ ನೋಡು," ಎಂದು ಅತ್ತೆ ಸಾರಮ್ಮ ಒಲೆಯ ಮುಂದೆ ಕೂತು ಬೊಚ್ಚುಬಾಯಿ ಅಗಲಿಸುತ್ತಿದ್ದಳು. "ಊಟ. ಹೊಟ್ಟಿ ಹಸದ್ರ ಅವಂಗ ಮ್ಯಾಲಿನ ಹುಕುಂ ಬೇಕಾಗಂಗಿಲ್ಲ."

"ನಿಮ್ಮ ಮಗಾನೇ ಅಲ್ರಿ ಅತ್ತಿ."

"ಹಡದಾಕಿ ನಾನು. ಉಪದೇಶಿ ಮಾಡಿದಾಕಿ ನಾನಲ್ಲ."

ಸಾರಮ್ಮನಿಗೆ ಹಾಗೆ ಮಾತಾಡುವ ಹಕ್ಕಿತ್ತು. ದೊಡ್ಡ ಬರದ ವರ್ಷ ತಾಯಿಯ ಸೆರಗು ಹಿಡಿದು ಬೀದರಕ್ಕೆ ನಡೆದು ಬಂದ ಹುಡುಗಿ ಅವಳು. ಮಿಶನ್ನಿನ ದೊರೆಸಾನಿ ಮರದ ಹುಟ್ಟಿನಿಂದ ಮೊಗೆದು ಎರೆದ ಗಂಜಿ ಕುಡಿದು ಬದುಕಿ, ಆಮೇಲೆ ತಲೆಯ ಮೇಲೆ ನೀರು ಹಾಕಿಸಿಕೊಂಡು ಸಾರಮ್ಮನಾದವಳು. "ನಾ ದೇವರಿಗಿ ನೋಡಿದ್ದು ಗಂಜಿ ಹಂಡ್ಯಾಗ," ಎನ್ನುತ್ತಿದ್ದಳು. ಮಗನಿಗೆ ಈ ಮಾತು ಸೇರುತ್ತಿರಲಿಲ್ಲ. ಉಪದೇಶಿಯ ತಾಯಿ ಇನ್ನಷ್ಟು ಎತ್ತರದ ಜಾಗದಲ್ಲಿ ದೇವರನ್ನು ಕಂಡಿದ್ದರೆ ಅವನಿಗೆ ಮಾನವಿರುತ್ತಿತ್ತು.

ಬೀದರದ ಮಂಗಲಪೇಟೆಯ ಕ್ರೈಸ್ತರ ಮನೆಗಳಲ್ಲೆಲ್ಲ ಬೀಸುವ ಕಲ್ಲಿನ ಪಕ್ಕದಲ್ಲಿ ಒಂದು ಗಡಿಗೆ ಇರುತ್ತಿತ್ತು. ಬೀಸಲು ಕೂತ ಹೆಂಗಸು ಮೊದಲ ಹಿಡಿ ಜೋಳ ಆ ಗಡಿಗೆಗೆ ಹಾಕಿ, ಅದರ ಬಾಯಿಗೆ ಬಟ್ಟೆ ಕಟ್ಟಿ, ಆಮೇಲೆ ಕಲ್ಲಿಗೆ ಕೈ ಹಚ್ಚಬೇಕು. ಅದು ದೇವರ ಗಡಿಗೆ. ಮನೆಯಲ್ಲಿ ಮಕ್ಕಳು ಅತ್ತರೂ ಅದಕ್ಕೆ ಕೈ ಹಾಕುವಂತಿಲ್ಲ. ಸುಗ್ಗಿ ಹಬ್ಬದ ಐತವಾರ ಹೆಂಗಸರು ತಂತಮ್ಮ ಗಡಿಗೆ ಹೊತ್ತು ಮಿಶನ್ನಿನ ಗುಡಿಗೆ ಹೋಗಿ ಪೀಠದ ಮುಂದೆ ಸುರಿಯುತ್ತಿದ್ದರು. ಯಾರ ಗಡಿಗೆ ಎಷ್ಟು ತುಂಬಿದೆ ಎಂದು ದೇವರು ನೋಡುತ್ತಿದ್ದನೋ ಇಲ್ಲವೋ, ರಾಹೇಲಬಾಯಿ ನೋಡುತ್ತಿದ್ದಳು. ಅವಳು ಹೆಂಗಸರ ಸಭೆಯ ಮುಖ್ಯಸ್ಥೆ. ಉಪದೇಶಿಯ ಮನೆಯ ಗಡಿಗೆ ಎಲ್ಲರಿಗಿಂತ ತುಂಬಿರಬೇಕೆಂಬುದು ದೇವದಾನಪ್ಪನ ಮರ್ಯಾದೆಯ ಪ್ರಶ್ನೆಯಾಗಿತ್ತು. ಆ ಮರ್ಯಾದೆಗೆ ಹಿಡಿ ಹಿಡಿ ಕಡಿಮೆ ಉಣ್ಣುತ್ತಿದ್ದವರು ಮನೆಯ ಹೆಂಗಸರು.

ನಿಜಾಮರ ರಾಜ್ಯದ ಕೊನೆಯ ಬೇಸಿಗೆಯಲ್ಲಿ ರಜಾಕಾರರು ಔರಾದ ಕಡೆಯ ಹಳ್ಳಿಗಳ ಮೇಲೆ ಬಿದ್ದರು. ಡಾಬಕಾ ತಬಿತಮ್ಮನ ತವರೂರು. ಅಲ್ಲಿ ಕೇರಿ ಸುಟ್ಟಿತು, ಅವಳ ಒಬ್ಬನೇ ತಮ್ಮ ಯೋನಪ್ಪ ಸತ್ತ. ಸುದ್ದಿ ಬಂದಾಗ ಅವಳು ಒಲೆಯ ಮುಂದೆ ಕೂತವಳು ಮೇಲೇಳಲಿಲ್ಲ. ದೇವದಾನಪ್ಪ ಮುಸುಕು ಹಾಕಿಕೊಂಡು ಬಹಳ ಹೊತ್ತು ಕೂತು ಹೊರಬಂದ.

"ತಬಿತಾ, ದೇವರು ತೋರಿಸಿದ. ತೋಟದ ಧಣಿ ಒಣ ಟೊಂಗಿ ಕಡೀತಾನ. ಯೋನಪ್ಪ ಆರಾಧನಿಗಿ ಬರೋದು ಬಿಟ್ಟು ಭಾಳ ದಿನ ಆಗಿತ್ತು."

ತಬಿತಮ್ಮ ತಲೆ ಎತ್ತಿ ಗಂಡನನ್ನು ನೋಡಿದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ಅವಳಿಗೆ ಸಿಟ್ಟು ತರಿಸಿದ್ದ, ನಗು ತರಿಸಿದ್ದ, ಬೇಸರ ತರಿಸಿದ್ದ. ಆ ದಿನ ಮೊದಲ ಸಲ ಅವನು ಬಲು ಸಣ್ಣವನಾಗಿ ಕಂಡ, ಗಡಿಗೆಯ ತಳದಲ್ಲಿ ಉಳಿಯುವ ನುಚ್ಚಿನ ಹಾಗೆ.

ಮೋಟು ಗೋಡೆಯ ಆಚೆ ಪಿಂಜಾರ ಖಾಸಿಂ ಅಲಿಯ ಮನೆ. ಗಂಡ ಅರಳೆ ಹಿಂಜಿ ಗಾದಿ, ರಜಾಯಿ ತುಂಬುತ್ತಿದ್ದ. ಹೆಂಡತಿ ಜೈನಬಿ ಹೊಲಿಯುತ್ತಿದ್ದಳು. ಅವಳು ಹೊಲಿದ ಪ್ರತಿ ರಜಾಯಿಯ ಒಂದು ಮೂಲೆಯಲ್ಲಿ ಹಸಿರು ದಾರದ ಮೂರು ಎಲೆ, ನಡುವೆ ಕೆಂಪು ಗಂಟು ಇರುತ್ತಿತ್ತು. ಪೇಟೆಯಲ್ಲಿ ಯಾರು ನೋಡಿದರೂ ಇದು ಜೈನಬಿಯ ಕೈ ಎನ್ನುತ್ತಿದ್ದರು. ಆ ದಿನ ಅವಳು ಖಿಚಡಿಯ ಪಾತ್ರೆ ಹಿಡಿದು ಗೋಡೆ ದಾಟಿ ಬಂದಳು. ತಬಿತಮ್ಮನ ಪಕ್ಕದಲ್ಲಿ ಕೂತಳು. ದೇವರ ಮಾತೆತ್ತಲಿಲ್ಲ.

"ನಮ್ಮ ಮಂದೀನೇ ಮಾಡ್ಯಾರ ಅಕ್ಕಾ," ಎಂದಳು ಕೊನೆಗೆ. "ನಿನ್ನ ಮಾರಿ ನೋಡ್ಲಾಕ ನನಗ ಶರಂ ಆಗ್ತದ. ಆದ್ರ ನೀ ಉಣ್ಣಬೇಕು."

ತಬಿತಮ್ಮ ಉಂಡಳು. ಅಂದು ರಾತ್ರಿ ಅವಳು ಜ್ವರ ಬಂದು ನಡುಗಿದಾಗ ಜೈನಬಿ ಗಿರಾಕಿಗೆಂದು ಹೊಲಿದಿಟ್ಟ ರಜಾಯಿ ತಂದು ಹೊದೆಸಿದಳು. ಅದನ್ನು ವಾಪಸು ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದೂಸ್ತಾನದ ಫೌಜು ಬಂತು, ನಿಜಾಮರ ರಾಜ್ಯ ಬಿತ್ತು. ಕೋಟೆಯ ಮೇಲೆ ಬಾವುಟ ಬದಲಾಯಿತು. ಬೇಸಿಗೆಯಲ್ಲಿ ಒಬ್ಬರ ಮನೆ ಸುಟ್ಟಿದ್ದರೆ ಈಗ ಇನ್ನೊಬ್ಬರದು. ಯಾರು ಸುಟ್ಟಿದ್ದರೋ ಅವರು ಓಡಿಹೋಗಿದ್ದರು. ಓಡಲು ಕಾರಣವೇ ಇಲ್ಲವೆಂದು ಉಳಿದವರು ಸಿಕ್ಕಿಬಿದ್ದರು. ಖಾಸಿಂ ಅಲಿ ರಜಾಯಿಗಳ ಗಂಟು ಹೊತ್ತು ಭಾಲ್ಕಿಗೆ ಹೋಗಿದ್ದ. ಜೊತೆಗೆ ಹೋಗಿದ್ದ ಅಬ್ದುಲ ಗಫೂರ ಒಬ್ಬನೇ ಮರಳಿ ಬಂದ. ಹಾದಿಯಲ್ಲಿ ಗುಂಪು ಹಿಡಿಯಿತೆಂದೂ, ತಾನು ಜೋಳದ ಬೆಳೆಯೊಳಗೆ ನುಸುಳಿ ಬದುಕಿದೆನೆಂದೂ, ಖಾಸಿಂ ಏಳಲಿಲ್ಲವೆಂದೂ ಹೇಳಿ, ಮರುದಿನ ತಾನೂ ಊರು ಬಿಟ್ಟ. ಪಿಂಜಾರನ ಮನೆ ಹಗಲಲ್ಲೇ ಲೂಟಿಯಾಯಿತು. ಜೈನಬಿ ಮಗಳು ಮುನ್ನಿಯ ಕೈ ಹಿಡಿದು, ಕೂಸನ್ನು ಎತ್ತಿಕೊಂಡು ಪಾಪನಾಶದ ಕಡೆಯ ತಗ್ಗಿನಲ್ಲಿ ಅಡಗಿದ್ದಳು.

ಆ ಐತವಾರ ಗುಡಿಯಲ್ಲಿ ಸ್ತೋತ್ರವೋ ಸ್ತೋತ್ರ. ದೇವರು ನಮ್ಮ ಸುತ್ತ ಬೇಲಿ ಹಾಕಿದ, ಅವರೂ ಮುಟ್ಟಲಿಲ್ಲ, ಇವರೂ ಮುಟ್ಟಲಿಲ್ಲ ಎಂದು ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳಿದರು. ಮನೆಗೆ ಬರುವಾಗ ಮಗಳು ರೂತ ತಾಯಿಯನ್ನು ಕೇಳಿದಳು. ಅವಳು ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕಲಿಯುತ್ತಿದ್ದ ಹುಡುಗಿ, ಬಾಯಿ ಅಜ್ಜಿಯದು.

"ಅವ್ವಾ, ಖರೇನೇ ಬೇಲಿ ಹಾಕ್ಯಾನೇನ?"

"ನಮ್ಮ ಮನ್ಯಾಗ ಏನದ ಅಂತ ಮುಟ್ತಾರ? ತೂತು ತಾಟು, ಕುಂಟ ಆಡು. ಲೂಟಿ ಮಾಡೋರಿಗೂ ಒಂದು ಅಂತಸ್ತು ಇರ್ತದ."

"ಹಂಗಾದ್ರ ಡಾಬಕಾದಾಗ ಮಾಮಾನ ಸುತ್ತ ಬೇಲಿ ಯಾಕ ಹಾಕ್ಲಿಲ್ಲ?"

"ಅದಕ್ಕ ನಿಮ್ಮಪ್ಪಗ ಕೇಳು. ಅವಂಗ ದೇವರು ಎಲ್ಲ ಹೇಳಿರ್ತಾನ."

ಅವರು ಮನೆ ಮುಟ್ಟಿದಾಗ ಹಿತ್ತಲಲ್ಲಿ ಜೈನಬಿ ನಿಂತಿದ್ದಳು. ಕಾಲಿನ ತುಂಬ ಮುಳ್ಳು. ಕೂಸು ಅಳುವ ಶಕ್ತಿಯಿಲ್ಲದೆ ಬಾಯಿ ತೆರೆದು ಮುಚ್ಚುತ್ತಿತ್ತು. ತಬಿತಮ್ಮ ಮುನ್ನಿಯನ್ನು ಒಳಗೆ ಎಳೆದುಕೊಂಡಳು. ಹಿಂದಿನಿಂದ ದೇವದಾನಪ್ಪ ಬಂದ. ಅವನ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಹೊರಗ ಮಂದಿ ನೋಡ್ಯಾರೇನು?"

"ನೋಡಿದ್ರ ನೋಡ್ಲಿ."

"ತಡಿ ತಡಿ. ಇದು ನನ್ನ ಕೈಯಾಗಿನ ಮಾತಲ್ಲ. ದೇವರಿಗಿ ಕೇಳಿ ಹೇಳ್ತೇನಿ."

"ಕೇಳ್ರಿ. ಅಲ್ಲಿತನ ಆಕಿ ಎಲ್ಲಿರಬೇಕು?"

ಅವನು ಅತ್ತಿತ್ತ ನೋಡಿದ. "ಆಡಿನ ಕೊಟ್ಟಿಗ್ಯಾಗ ಇರ್ಲಿ."

"ಛಲೋ ಆಯ್ತು ಅಪ್ಪಾ," ಎಂದಳು ರೂತ. "ಯೇಸುಸ್ವಾಮಿಗೂ ಅದೇ ಸಿಕ್ಕಿತ್ತು."

ಸಾರಮ್ಮ ಕಿಸಕ್ಕನೆ ನಕ್ಕಳು. ದೇವದಾನಪ್ಪ ಮಗಳನ್ನು ಗದರಿಸಿ ಮಂಚದ ಕಡೆ ನಡೆದ.

ಉತ್ತರ ಬರಲು ದೇವರು ಬಹಳ ದಿನ ತೆಗೆದುಕೊಂಡ. ಅಷ್ಟರಲ್ಲಿ ದೇವದಾನಪ್ಪನೇ ಒಂದು ಕಾಯಿದೆ ಮಾಡಿದ: ಮನೆಯ ಜೋಳ ಮನೆಯವರಿಗೇ ಸಾಲದು, ಆದ್ದರಿಂದ ಉಳಿದದ್ದು ಕೊಟ್ಟಿಗೆಗೆ. ಉಳಿಯುತ್ತಿದ್ದದ್ದು ಏನು? ಪುಂಡಿಪಲ್ಯದ ನೀರು, ತಳದ ಸೀಕಲು. ಊರಲ್ಲಿ ಕಾಳು ಸಿಗದಂಥ ದಿನಗಳು. ಅಂಗಡಿಗಳು ಅರ್ಧ ತೆರೆದು ಅರ್ಧ ಮುಚ್ಚಿರುತ್ತಿದ್ದವು. ತಬಿತಮ್ಮ ತನ್ನ ರೊಟ್ಟಿ ಒಯ್ದು ಕೊಟ್ಟಳು. ರೂತ ತನ್ನದರಲ್ಲಿ ಮುರಿದು ಕೊಟ್ಟಳು. ಆದರೂ ಜೈನಬಿಯ ಎದೆಯಲ್ಲಿ ಹಾಲು ಇಳಿಯಲಿಲ್ಲ.

ಒಂದು ಬೆಳಿಗ್ಗೆ ಬೀಸಲು ಕೂತ ತಬಿತಮ್ಮ ಮೊದಲ ಹಿಡಿಯನ್ನು ಗಡಿಗೆಯ ಕಡೆ ಒಯ್ದವಳು ಅಲ್ಲೇ ಕೈ ತಡೆದಳು. ಬೀಸುವ ಹೊತ್ತಷ್ಟೇ ಅವಳು ದೇವರೊಂದಿಗೆ ಮಾತಾಡುವ ಹೊತ್ತು. ಪಡಸಾಲೆಯ ಮಂಚದಿಂದ ಹೋಗುವ ದೊಡ್ಡ ಪ್ರಾರ್ಥನೆಗಳ ನಡುವೆ ತನ್ನದೇನು ಕೇಳಿಸೀತು ಎಂದು ಅವಳು ಕಲ್ಲಿನ ಸದ್ದಿನೊಳಗೇ ಗೊಣಗುತ್ತಿದ್ದಳು. ಆ ದಿನ ಗೊಣಗಿದ್ದು ಬೈಗುಳಕ್ಕೆ ಹತ್ತಿರದ ಮಾತು: ಕೊಟ್ಟಿಗ್ಯಾಗ ಕೂಸು ಅಳ್ಳಕತ್ತದ, ನಿನ್ನ ಗಡಿಗಿ ತುಂಬ್ಯದ, ನಿನಗ ಹೊಟ್ಟಿ ಎಲ್ಲಿ ಅದ? ಗಡಿಗೆಯ ಬಟ್ಟೆ ಬಿಚ್ಚಿದಳು. ಎರಡೂ ಕೈ ಹಾಕಿ ಜೋಳ ಮೊಗೆದು ಕಲ್ಲಿಗೆ ಸುರಿದಳು.

ಹಿಂದೆ ಸಾರಮ್ಮ ನಿಂತಿದ್ದಳು. ತಬಿತಮ್ಮ ತಿರುಗಿ ನೋಡಿದಳು, ಬಟ್ಟೆ ಕಟ್ಟಲಿಲ್ಲ.

"ಏನ್ ನೋಡ್ಲತ್ತೀರಿ ಅತ್ತಿ?"

"ಜ್ವಾಳ ದಪ್ಪ ಬೀಸಬ್ಯಾಡ," ಎಂದಳು ಮುದುಕಿ. "ಹಸದ ಹೊಟ್ಟಿಗಿ ದಪ್ಪ ಹಿಟ್ಟು ಮುಟ್ಟಂಗಿಲ್ಲ. ಸಣ್ಣ ಬೀಸಿ ಅಂಬಲಿ ಕಾಸು." ತಿರುಗುತ್ತ, "ನಮ್ಮ ದೊರಸಾನಿ ಹುಟ್ಟು ಎತ್ತಿ ಗಂಜಿ ಹಾಕುವಾಗ ಯಾರಿಗೂ ಕೇಳಿದ್ದಿಲ್ಲ," ಎಂದು ಒಳಗೆ ಹೋದಳು.

ದಿನವೂ ಗಡಿಗೆಯ ಜೋಳದ ಅಂಬಲಿ ಕುಡಿದ ಜೈನಬಿಯ ಎದೆಗೆ ಹಾಲು ಬಂತು. ಕೂಸಿನ ಅಳು ಈಗ ಪಡಸಾಲೆಗೂ ಕೇಳುವಷ್ಟು ಗಟ್ಟಿಯಾಯಿತು. ಬಹುಶಃ ಅದನ್ನು ಕೇಳಿಯೇ ದೇವರಿಗೆ ಎಚ್ಚರವಾಯಿತು. ದೇವದಾನಪ್ಪ ಒಂದು ಸಂಜೆ ಬೆಳಗಿದ ಮುಖ ಹೊತ್ತು ಊಟಕ್ಕೆ ಕೂತ.

"ಉತ್ತರ ಬಂತು," ಎಂದ, ರೊಟ್ಟಿ ಮುರಿಯುತ್ತ. "ಎಂಥ ದೊಡ್ಡ ಯೋಜನಿ! ನಮಗ ತಿಳಿಯೋದಿಲ್ಲ, ಆದ್ರ ಅವ ಎಲ್ಲ ಒಳ್ಳೇದಕ್ಕೇ ಮಾಡ್ತಾನ. ಖಾಸಿಂ ಅಲಿ ಸಾಯದಿದ್ರ ಈಕಿ ನಮ್ಮ ಬಾಗಿಲಿಗಿ ಬರ್ತಿದ್ಲೇನು? ಬರ್ತಿದ್ದಿಲ್ಲ. ದೇವರು ಆ ಹೆಣ್ಣಿಗಿ ಬೆಳಕಿಗಿ ಕರೀಲತ್ಯಾನ. ಸುಗ್ಗಿ ಹಬ್ಬದ ದಿನ ಸಭಾದ ಮುಂದ ನಿಲ್ಲಿಸ್ತೇನಿ. ತಾಯಿಗೂ ಮಕ್ಕಳಿಗೂ ದೀಕ್ಷಾಸ್ನಾನ."

ತಬಿತಮ್ಮ ಬಡಿದು ಹಾಕಿದ ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

"ಒಂದ್ ಹೆಣ್ಣಿಗಿ ಕೊಟ್ಟಿಗಿಗಿ ಕರೀಲಾಕ ಅವ ಪಿಂಜಾರನ ತಲಿ ಒಡಸಿದ ಅಂತೀರೇನು?"

"ಹಂಗ ಒರಟು ಮಾತಾಡಬ್ಯಾಡ. ಗಾಯ ಮಾಡಾವನೂ ಅವನೇ, ಕಟ್ಟಾವನೂ ಅವನೇ."

"ಕಟ್ಟಿದ್ದು ನಾನ್ರಿ. ಆಕಿ ಕಾಲಾಗಿನ ಮುಳ್ಳು ತಗದು ನಾನು ಕಟ್ಟೇನಿ."

"ಆಕಿ ಒಪ್ಪಲಿಲ್ಲಂದ್ರ?" ರೂತ ಕೇಳಿದಳು.

ದೇವದಾನಪ್ಪ ಪಲ್ಯ ಬಳಿದು ಬಾಯಿಗಿಟ್ಟುಕೊಂಡ. "ಒಪ್ಪಲಿಲ್ಲಂದ್ರ ದೇವರ ಚಿತ್ತ ಬ್ಯಾರೆ ಅದ ಅಂತ ತಿಳೀಬೇಕು. ಬ್ಯಾರೆ ಜಾಗ ನೋಡ್ಕೊಳ್ಲಿ. ಎಷ್ಟ್ ದಿನ ಅಂತ ಇಟ್ಕೊಳ್ಳೋದು? ರಾಹೇಲಬಾಯಿ ಕೇಳಲತ್ಯಾಳ, ಪಾದ್ರಿ ಕೇಳಲತ್ಯಾರ."

ಮರುದಿನ ಅವನು ಕೊಟ್ಟಿಗೆಯ ಬಾಗಿಲಲ್ಲಿ ಮೂಗಿಗೆ ಶಾಲು ಹಿಡಿದು ನಿಂತು ಅದೇ ಮಾತನ್ನು ಜೈನಬಿಗೂ ಹೇಳಿದ. ಅವಳು ಅಂಬಲಿಯ ಬಟ್ಟಲು ಕೆಳಗಿಟ್ಟಳು. ಆಮೇಲೆ ತಬಿತಮ್ಮ ಹೋಗಿ ನೋಡಿದಾಗ ಅಂಬಲಿಯ ಮೇಲೆ ಕೆನೆ ಕಟ್ಟಿತ್ತು.

"ಕುಡಿ ಜೈನಬಿ."

"ಅಕ್ಕಾ, ಖರೆ ಹೇಳು. ಈ ಅಂಬಲಿ ಅದಕ್ಕಾಗಿ ಹಾಕಿದೇನು?"

ಈ ಮಾತಿಗೆ ತಬಿತಮ್ಮನ ಮುಖ ಕೆಂಪೇರಿತು. ಗಂಡನ ಮೇಲಿನ ತಾತ್ಸಾರ ಮೊದಲೇ ಇತ್ತು. ಈಗ ಅವನ ಮನೆಯ ಹಿಟ್ಟಿನ ವಾಸನೆಯೂ ಹಳಸಿತು.

"ನೀ ಖಿಚಡಿ ತಂದಾಗ ನನಗ ಕಲ್ಮಾ ಓದಿಸಿದ್ದೇನು? ಕುಡಿ ಸುಮ್ನ."

ಜೈನಬಿ ಕುಡಿದಳು. "ನನಗ ಅಣ್ಣ ಒಬ್ಬಾಂವ ಅದಾನ, ಭಾಲ್ಕಿದಾಗ. ನಜಮೋದ್ದೀನ ದರ್ಜಿ. ಬದುಕ್ಯಾನೋ ಇಲ್ಲೋ. ಬದುಕಿದ್ರ ನಾ ಇಲ್ಲಿ ಒಂದ್ ದಿನ ನಿಲ್ಲಂಗಿಲ್ಲ ಅಕ್ಕಾ. ನಿನ್ನ ಮ್ಯಾಲ ಸಿಟ್ಟಿಲ್ಲ."

ಹಲಬರ್ಗಾದಿಂದ ರೈಲಿನಲ್ಲಿ ಬೆಣ್ಣೆ ತಂದು ಮಾರುವ ಚಂದ್ರಭಾಗಾ ಎಂಬ ಒಕ್ಕಲಗಿತ್ತಿ ವಾರಕ್ಕೊಮ್ಮೆ ಈ ಓಣಿಗೆ ಬರುತ್ತಿದ್ದಳು. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ತಲೆಯ ಮೇಲೆ ಬೆಣ್ಣೆಯ ಗಡಿಗೆ. ತಬಿತಮ್ಮ ಬೆಣ್ಣೆ ಕೊಳ್ಳುವವಳಲ್ಲ, ಮಜ್ಜಿಗೆಗಾಗಿ ಮಾತಾಡಿಸುವವಳು. ಆ ಸಲ ಮಜ್ಜಿಗೆ ಕೇಳದೆ ಭಾಲ್ಕಿಯ ದರ್ಜಿಯ ವಿಷಯ ಕೇಳಿದಳು. ಚಂದ್ರಭಾಗಾ ಅತ್ತಿತ್ತ ನೋಡಿ ಗಡಿಗೆ ಇಳಿಸಿದಳು.

"ನಜಮೋದ್ದೀನ ಅಲ್ಲೇನ್ ಯವ್ವಾ, ಕುಳ್ಳಗ, ಒಂದ್ ಕಣ್ಣು ಮೆಳ್ಳ? ನಮ್ಮ ಹೊಲದಾಗೇ ಅದಾನ. ಭಾಲ್ಕಿಂದ ಓಡಿ ಬಂದಿದ್ದ. ಯಾರರೆ ಕೇಳಿದ್ರ ನಮ್ಮ ಆಳು ಅಂತ ಹೇಳ್ತಾರ ನಮ್ಮನಿಯವ್ರು."

"ಇಟ್ಕೊಳ್ಳೋ ಮುಂದ ನಿಮ್ಮನಿಯವ್ರು ದೇವರಿಗಿ ಕೇಳಿದ್ರೇನು?"

"ಯಾ ದೇವರಿಗಿ?"

"ಬಸವಣ್ಣಗ."

ಚಂದ್ರಭಾಗಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಸವಣ್ಣಗ ಏನ್ ಕೇಳೋದೈತಿ? ಗುಡಸಲ ನಮ್ಮದು. ಖಾಲಿ ಇತ್ತು. ಇರಪಾ ಅಂದ್ರು. ಆಂವ ನಮ್ಮ ಪೋರಗೋಳಿಗಿ ಅಂಗಿ ಹೊಲದಾನ, ಒಂದ್ ತೋಳು ಗಿಡ್ಡ ಆಗ್ಯದ." ಗಡಿಗೆ ಎತ್ತಿಕೊಂಡು, "ತಂಗಿ ಇದ್ರ ಕರಕೊಂಡು ಬಾ. ರೈಲು ಈಗ ಬರೋಬ್ಬರಿ ನಡದಾವ," ಎಂದು ಹೋದಳು.

ತಬಿತಮ್ಮ ಅಂದೇ ಗಂಡನಿಗೆ ಹೇಳಿದಳು. ಅಣ್ಣ ಸಿಕ್ಕಿದ್ದಾನೆ, ಕಳಿಸಿಕೊಡೋಣ ಎಂದಳು. ಅವನಿಗೆ ಸಂತೋಷವಾಗಬೇಕಿತ್ತು; ಬಾಯಿ ಹುಳಿ ಹುಣಸೆ ತಿಂದಂತಾಯಿತು. ಸುಗ್ಗಿ ಹಬ್ಬದ ದಿನ ತಾಯಿ ಮಕ್ಕಳನ್ನು ನಿಲ್ಲಿಸುವುದಾಗಿ ಪಾದ್ರಿಗೆ ಮಾತು ಕೊಟ್ಟಾಗಿತ್ತು.

"ದೇವರಿಗಿ ಕೇಳಿ ಹೇಳ್ತೇನಿ," ಎಂದ. ಮುಸುಕಿನಿಂದ ಹೊರಬಂದು, "ಹಬ್ಬ ಆದ ಮ್ಯಾಲ ನೋಡೂಣು ಅಂತ ಅಂದಾನ," ಎಂದ.

"ನಿಮ್ಮ ದೇವರು ನಿಮಗ ಭಾಳ ಹೆದರ್ತಾನ ಬಿಡ್ರಿ," ಎಂದಳು ತಬಿತಮ್ಮ. ಅವನು ಕೈ ಎತ್ತಿದ. ಮುದುಕಿ ಒಲೆಯಿಂದ ಕೊಳ್ಳಿ ಹಿರಿದು ಹಿಡಿದದ್ದು ನೋಡಿ ಇಳಿಸಿದ.

ಹಬ್ಬದ ಬೆಳಿಗ್ಗೆ ಅವನು ಕೊಟ್ಟಿಗೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂರು, ಕರೆದಾಗ ಮುಂದೆ ಬಾ, ಬಾರದಿದ್ದರೆ ಸಂಜೆಯೊಳಗೆ ಕೊಟ್ಟಿಗೆ ಬಿಡು ಎಂದು ಜೈನಬಿಗೆ ಹೇಳಿ ಗುಡಿಗೆ ನಡೆದ. ಜೈನಬಿ ಮಕ್ಕಳ ಮುಖ ತೊಳೆದಳು. ಎಲ್ಲಿಗೆಂದು ತೊಳೆಯುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

"ಎಲ್ಲಿಗೂ ಹೋಗಬ್ಯಾಡ," ಎಂದಳು ತಬಿತಮ್ಮ. "ನಾ ಬರೋತನ ಇಲ್ಲೇ ಇರು." ಖಾಲಿ ಗಡಿಗೆಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡಳು.

"ತಳಕ್ಕ ಹೊಟ್ಟು ಹಾಕಿ ಮ್ಯಾಲ ನಾಕ್ ಹಿಡಿ ಕಾಳು ಹಾಕು," ಎಂದು ಸಾರಮ್ಮ ಸಲಹೆ ಕೊಟ್ಟಳು. "ಎಲ್ಲಾರೂ ಹಂಗೇ ಮಾಡ್ತಾರ. ರಾಹೇಲಬಾಯಿ ಗಡಿಗ್ಯಾಗ ಪ್ರತಿ ವರ್ಷ ಅರ್ಧ ಹೊಟ್ಟೇ ಇರ್ತದ."

"ಬ್ಯಾಡ್ರಿ ಅತ್ತಿ. ಖಾಲಿ ಇದ್ರ ಖಾಲಿ."

ಗುಡಿ ತುಂಬಿತ್ತು. ಪೀಠದ ಮುಂದೆ ಅಗಲವಾಗಿ ಒಂದು ಹಾಸು ಹಾಸಿ ಅದರ ಮೇಲೆ ಜೋಳ ಸುರಿಯುತ್ತಿದ್ದರು. ದೇವದಾನಪ್ಪ ಸಾಕ್ಷಿ ಹೇಳುತ್ತಿದ್ದ. ಕೋಳಿ ತನ್ನ ಮರಿಗಳನ್ನು ರೆಕ್ಕೆಯಡಿ ಮುಚ್ಚಿದಂತೆ ದೇವರು ತನ್ನ ಮನೆಯನ್ನು ಮುಚ್ಚಿದ ಬಗೆ. ತನ್ನ ಬಾಗಿಲಿಗೆ ಬಂದ ಅನಾಥೆಗೆ ತಾನು ಆಶ್ರಯ ಕೊಟ್ಟ ಬಗೆ. ತನ್ನ ರೊಟ್ಟಿಯನ್ನು ಮುರಿದು ಕೊಟ್ಟ ಬಗೆ. "ತನ್ನ ರೊಟ್ಟಿ" ಎಂದಾಗ ರೂತ ಜೋರಾಗಿ ಕೆಮ್ಮಿದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ರಾಹೇಲಬಾಯಿ ಎಲ್ಲರಿಗಿಂತ ಹೆಚ್ಚು ಒರೆಸಿಕೊಂಡಳು.

ತಬಿತಮ್ಮನ ಸರದಿ ಬಂತು. ಅವಳು ಗಡಿಗೆ ಇಳಿಸಿ ಅದರ ಬಾಯಿಯ ಬಟ್ಟೆ ಬಿಚ್ಚಿ ಬೋರಲು ಹಾಕಿದಳು. ಒಂದು ಕಾಳೂ ಬೀಳಲಿಲ್ಲ. ಗುಡಿಯಲ್ಲಿ ಗುಸುಗುಸು ಎದ್ದಿತು. ನಾಚಿಕೆಯಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಗಡಿಗೆ ಎತ್ತಿಕೊಳ್ಳಲು ಬಗ್ಗಿದಾಗ ಹಾಸಿನ ಮೂಲೆ ಕಣ್ಣಿಗೆ ಬಿತ್ತು. ಹಸಿರು ದಾರದ ಮೂರು ಎಲೆ. ನಡುವೆ ಕೆಂಪು ಗಂಟು.

ಅವಳು ಬಗ್ಗಿದಲ್ಲೇ ನಿಂತಳು. ಮನೆಯಲ್ಲಿ ದಿನಾ ರಾತ್ರಿ ಹೊದೆಯುವ ರಜಾಯಿಯ ಮೂಲೆಯಲ್ಲಿ ಇದೇ ಎಲೆಗಳ ಮೇಲೆ ಅವಳು ಬೆರಳಾಡಿಸುತ್ತಿದ್ದಳು.

"ಇದು ಯಾರ ಮನೀದು?" ಎಂದು ಕೇಳಿದಳು.

"ನಾನು ಕೊಟ್ಟೇನಿ, ದೇವರ ಕಾಣಿಕಿ," ಎಂದಳು ರಾಹೇಲಬಾಯಿ. "ಬೀದ್ಯಾಗ ಬಿದ್ದಿತ್ತು. ಚಳಿಗಾಲ ಬರ್ಲತ್ತದ ಅಂತ ದೇವರೇ ಒದಗಿಸಿದ. ನಮ್ಮನ್ಯಾಗ ಎಲ್ಲಾರಿಗೂ ಒಂದೊಂದು ಆದ್ವು. ಉಳಿದದ್ದು ಇಲ್ಲಿಗಿ ತಂದೆ."

"ಬೀದ್ಯಾಗ ಬಿದ್ದಿತ್ತೋ, ಜೈನಬಿ ಪೆಟಿಗ್ಯಾಗ ಬಿದ್ದಿತ್ತೋ?" ತಬಿತಮ್ಮ ಗಂಡನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ?"

ದೇವದಾನಪ್ಪ ಧ್ವನಿ ತಗ್ಗಿಸಿದ. "ಸುಮ್ನಿರು. ದೇವರ ಕಾರ್ಯಕ್ಕ ಬಂತಲ್ಲ."

ಗೊತ್ತಿತ್ತು. ತಬಿತಮ್ಮ ಎರಡೂ ಕೈಯಿಂದ ರಜಾಯಿಯ ಅಂಚು ಹಿಡಿದಳು. ವರ್ಷವಿಡೀ ಕಲ್ಲು ತಿರುವಿದ ರಟ್ಟೆಗಳು. ಒಂದು ಜಗ್ಗಿಗೆ ಅರ್ಧ ಬಂತು, ಎರಡನೆಯದಕ್ಕೆ ರೂತಳೂ ಬಂದು ಕೈಹಾಕಿದಳು. ಜೋಳದ ರಾಶಿ ಉರುಳಿ ಗುಡಿಯ ನೆಲದ ತುಂಬ ಹರಿಯಿತು.

"ಅಯ್ಯಯ್ಯೋ, ಈಕಿಗಿ ದೆವ್ವ ಬಡಿದದ!" ರಾಹೇಲಬಾಯಿ ಕೂಗಿದಳು.

"ಜ್ವಾಳ ತುಳೀಬ್ಯಾಡ್ರಿ, ಜ್ವಾಳ ತುಳೀಬ್ಯಾಡ್ರಿ!" ಎಂದು ಪಾದ್ರಿ ಕೈ ಬೀಸಿದ. ಅಂದಿನ ಸಭೆಗೆ ಅವನು ಕೊಟ್ಟ ಉಪದೇಶ ಅಷ್ಟೇ.

ತಬಿತಮ್ಮ ರಜಾಯಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಬಂದಳು. ಮನೆಗೆ ಬಂದು ರಜಾಯಿಯನ್ನು ಜೈನಬಿಯ ತೊಡೆಯ ಮೇಲೆ ಹಾಕಿದಳು. ಜೈನಬಿ ಮೂಲೆ ಮುಟ್ಟಿ ನೋಡಿದಳು. ಅದರ ಅರಳೆ ಖಾಸಿಂ ಅಲಿ ಹಿಂಜಿದ್ದು. ಅವಳು ಅಳಲು ಶುರು ಮಾಡಿದಾಗ ತಬಿತಮ್ಮ, "ರೈಲಿನ್ಯಾಗ ಅಳು. ಈಗ ಏಳು," ಎಂದಳು.

ಹಲಬರ್ಗಾದ ಹೊಲದಲ್ಲಿ ಚಂದ್ರಭಾಗಾಳ ಗಂಡ ಬಕ್ಕಪ್ಪ ಎತ್ತು ಕಟ್ಟುತ್ತಿದ್ದ. ಮೇಲಿಂದ ಕೆಳಗೆ ನೋಡಿ, "ನಜಮ್ಯಾ, ನಿನ್ನ ಮಂದಿ ಬಂದಾರ ನೋಡು," ಎಂದು ಕೂಗಿ ಮತ್ತೆ ಎತ್ತಿನ ಕಡೆ ತಿರುಗಿದ. ಅಣ್ಣ ತಂಗಿ ತಬ್ಬಿ ಅತ್ತರು. ಜೈನಬಿ ರಜಾಯಿ ಹಾಸಲು ಕೊಡವಿದಾಗ ಮಡಿಕೆಗಳಿಂದ ಜೋಳದ ಕಾಳು ಉದುರಿದವು. ಚಂದ್ರಭಾಗಾಳ ನೆರೆಯವರ ಕೋಳಿಗಳು ಓಡಿಬಂದು ದೇವರ ಜೋಳವನ್ನು ಆರಿಸಿ ತಿಂದವು. ಮುನ್ನಿ ಬಹಳ ದಿನಗಳ ಮೇಲೆ ನಕ್ಕಳು.

"ಇಲ್ಲೇ ಎರಡ್ ದಿನ ಇರು ಅಕ್ಕಾ," ಎಂದಳು ಜೈನಬಿ.

"ಮನ್ಯಾಗ ಮುದುಕಿ ಅದಾಳ," ಎಂದಳು ತಬಿತಮ್ಮ. ಗಂಡನ ಹೆಸರು ಎತ್ತಲಿಲ್ಲ.

ಮರುದಿನ ಅವಳು ಮನೆ ಮುಟ್ಟಿದಾಗ ಒಲೆ ತಣ್ಣಗಿತ್ತು. ರೂತ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಹಿಟ್ಟು ಮುಗಿದಿದೆ, ನನ್ನ ಕೈ ನೋಯುತ್ತದೆ ಎಂದು ಹಿಂದಿನ ದಿನದಿಂದ ಬೀಸಿರಲಿಲ್ಲ. ಸಾರಮ್ಮ ಹುರಿದ ಕಡಲೆಯನ್ನು ಕುಟ್ಟಿಸಿಕೊಂಡು ತಿಂದು ಕಾಲ ಹಾಕಿದ್ದಳು. ದೇವದಾನಪ್ಪ ಮಂಚದ ಮೇಲಿದ್ದ, ಕಣ್ಣು ಗುಳಿಬಿದ್ದಿತ್ತು.

"ಯಾರಿಗಿ ಕೇಳಿ ಹೋದಿ?"

"ಯಾರಿಗೂ ಕೇಳ್ಲಿಲ್ಲ."

"ದೇವರಿಗಾದ್ರೂ ಕೇಳಬೇಕಿತ್ತಲ್ಲ?"

"ರೈಲು ಹೊಂಟಿತ್ತು."

ಅವನು ಗಂಟಲು ಸರಿಮಾಡಿಕೊಂಡ. ರಾತ್ರಿಯೆಲ್ಲ ದೇವರನ್ನು ಕೇಳಿದ್ದಾನೆ. ಇದೆಲ್ಲ ಒಂದು ಪರೀಕ್ಷೆ. ನಂಬಿಗಸ್ತನ ಮನೆಯಲ್ಲಿ ಹೆಂಡತಿಯ ಮೂಲಕವೇ ಪರೀಕ್ಷೆ ಬರುವುದುಂಟು. ತಾನು ಕ್ಷಮಿಸಿದ್ದಾನೆ. ಬರುವ ಐತವಾರ ಅವಳು ಸಭೆಯ ಮುಂದೆ ನಿಂತು ತಪ್ಪು ಒಪ್ಪಿಕೊಂಡು ರಾಹೇಲಬಾಯಿಯ ಕೈ ಹಿಡಿದರೆ ಪಾದ್ರಿ ಉಪದೇಶಿಯ ಕೆಲಸ ತೆಗೆಯುವುದಿಲ್ಲ. "ಎಲ್ಲ ಒಳ್ಳೇದಕ್ಕೇ ಆಗ್ತದ," ಎಂದ. 'ಎಲ್ಲ' ಎಂಬಲ್ಲಿ ಅವನ ಹೊಟ್ಟೆ ಗುರುಗುಟ್ಟಿತು. "ಮೊದಲ ರೊಟ್ಟಿ ಮಾಡು. ನಿನ್ನೆಯಿಂದ ಬಾಯಾಗ ಏನೂ ಬಿದ್ದಿಲ್ಲ."

ತಬಿತಮ್ಮ ಬೀಸಲು ಕೂತಳು. ಮೊದಲ ಹಿಡಿಯನ್ನು ಗಡಿಗೆಗೆ ಹಾಕಿದಳು, ಬಟ್ಟೆ ಕಟ್ಟಲಿಲ್ಲ. ಒಲೆ ಹೊತ್ತಿಸಿದಳು. ರೊಟ್ಟಿ ಉಬ್ಬಿದವು, ಮನೆಯ ತುಂಬ ಸುಟ್ಟ ಜೋಳದ ವಾಸನೆ ಹರಡಿತು. ಅತ್ತೆಗೆ ಮೆತ್ತನೆಯದನ್ನು ಆರಿಸಿ ಹಾಕಿದಳು, ಮಗಳಿಗೆ ಹಾಕಿದಳು, ತನಗಿಟ್ಟುಕೊಂಡಳು. ಗಂಡನ ತಾಟಿಗೆ ಎರಡು ಬಿಸಿ ರೊಟ್ಟಿ, ಝುಣಕ, ಮೇಲೆ ಎಣ್ಣೆ. ಅವನು ಕಣ್ಣು ಮುಚ್ಚಿ ಕೈಮುಗಿದು ಸ್ತೋತ್ರ ಹೇಳಿದ. ಹಸಿದಿದ್ದರೂ ಉದ್ದವಾಗಿಯೇ ಹೇಳಿದ. ಮನೆಯವರಿಗೆ ಕೇಳಿಸಬೇಕಾದ ಮಾತುಗಳು ಅದರಲ್ಲಿ ಬಹಳ ಇದ್ದವು. ಆಮೆನ್ ಎಂದು ಕಣ್ಣು ತೆರೆದಾಗ ಮುಂದೆ ತಾಟು ಇರಲಿಲ್ಲ.

ತಾಟು ತಬಿತಮ್ಮನ ಮೊಣಕಾಲಿನ ಪಕ್ಕದಲ್ಲಿತ್ತು.

"ಇದೇನ್ ಇದು?"

"ಇದಕ್ಕೂ ಕೇಳಿ ಬರ್ರಿ," ಎಂದಳು ಅವಳು, ದನಿ ಏರಿಸದೆ. "ಆಕಿಗಿ ಒಂದ್ ರೊಟ್ಟಿ ಹಾಕ್ಲಾಕ ಇಷ್ಟ್ ದಿನ ಕೇಳಿದ್ರಿ. ನೀವು ಉಣ್ಣಬೇಕೋ ಬ್ಯಾಡೋ, ಅದನ್ನೂ ಮ್ಯಾಲಿನಾವಗ ಒಂದ್ ಮಾತು ಕೇಳ್ರಿ. ಹೂಂ ಅಂದ್ರ ಇಡ್ತೇನಿ."

ದೇವದಾನಪ್ಪ ತಾಯಿಯ ಕಡೆ ನೋಡಿದ.

"ಕೇಳಪಾ, ಕೇಳು," ಎಂದಳು ಸಾರಮ್ಮ. "ಮುಸುಕು ಹಾಕ್ಕೋ. ನಾವು ಕಾಯ್ತೇವಿ."

ಅವನು ನಿಜವಾಗಿಯೂ ಎದ್ದು ಮಂಚದ ಕಡೆ ಹೋದ. ಶಾಲು ಎಳೆದುಕೊಳ್ಳುವ ಸದ್ದಾಯಿತು. ಸಾರಮ್ಮ ಕಾಯಲಿಲ್ಲ. ರೊಟ್ಟಿಯ ಉಬ್ಬನ್ನು ಬೆರಳಿನಿಂದ ಒತ್ತಿ ಒಡೆದು, ಬಿಸಿ ಹಬೆಗೆ ಮುಖ ಹಿಂದೆ ಸರಿಸಿ, ಝುಣಕಕ್ಕೆ ಅದ್ದಿ ಬಾಯಿಗಿಟ್ಟುಕೊಂಡಳು.

"ಉಪ್ಪು ಬರೋಬ್ಬರಿ ಆಗ್ಯದ," ಎಂದಳು ಸೊಸೆಗೆ.